ಬಾಸಿ ಈದಿನ ಉಯ್ಯಾಲೆ

ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ಜಟಕಾ ಹಿಡಿದವನು ನಾನು. ಶ್ರೀರಂಗಪಟ್ಟಣದ ಹೊಳೆದಂಡೆಯ ತೋಟಕ್ಕೆ ಹೋಗಲು ನನ್ನ ಗಾಡಿ ಹತ್ತದ ಮನೆ ನಮ್ಮ ಬೀದಿಯಲ್ಲಿರಲಿಲ್ಲ. ಇದನ್ನು ಎದೆ ತಟ್ಟಿಯೇ ಹೇಳುತ್ತೇನೆ.

ಸುಲ್ತಾನರ ಕಾಲದಲ್ಲಿ ಅದು ಅರಮನೆಯವರ ತೋಟವಂತೆ. ನಮ್ಮಪ್ಪನ ಕಾಲಕ್ಕೆ ಊರಿನದಾಗಿತ್ತು. ಈದ್ ಆದ ಮಾರನೇ ದಿನವನ್ನು ನಾವು ಬಾಸಿ ಈದ್ ಅನ್ನುತ್ತೇವೆ. ಅವತ್ತು ಹಬ್ಬದಲ್ಲಿ ಉಳಿದ ಬಿರಿಯಾನಿ, ಹಾಲು-ಶ್ಯಾವಿಗೆಯ ಶೀರ್ ಖುರ್ಮಾ ಕಟ್ಟಿಕೊಂಡು ಮನೆಮಂದಿಯೆಲ್ಲ ತೋಟಕ್ಕೆ ಹೋಗಿ ಹುಣಸೆಮರದ ಕೆಳಗೆ ಜಮಖಾನ ಹಾಸುವುದು. ಪಕ್ಕದಲ್ಲಿ ಹೊಣಕೆರೆ ಕಡೆಯ ಹಳ್ಳಿಯವರು ಬುತ್ತಿ ಬಿಚ್ಚಿದ್ದರೆ ಅವರ ಚಿತ್ರಾನ್ನ ಇತ್ತ ಬರುತ್ತಿತ್ತು, ನಮ್ಮ ಖುರ್ಮಾ ಅತ್ತ ಹೋಗುತ್ತಿತ್ತು.

ಮದುವೆಯಾದ ವರ್ಷ, ಕುದುರೆ ಕಟ್ಟುವ ಹಗ್ಗವನ್ನೇ ಆ ಹುಣಸೆಯ ಕೊಂಬೆಗೆ ಬಿಗಿದು ನನ್ನ ಹೆಂಡತಿಗೆ ಉಯ್ಯಾಲೆ ಹಾಕಿದೆ. 'ರೀ, ಹಗ್ಗ ಲದ್ದಿ ನಾರ್ತದೆ' ಎಂದು ಮೂಗು ಮುಚ್ಚಿಕೊಂಡೇ ಜೀಕಿದಳು. ಅಷ್ಟರಲ್ಲಿ ಕುದುರೆ ತನ್ನ ಪಾಡಿಗೆ ಮನೆಗೆ ಹೋಗಿಬಿಟ್ಟಿತ್ತು! ಅವಳನ್ನು ಕೂರಿಸಿ ಗಾಡಿಯನ್ನು ನಾನೇ ಎಳೆದೆ. ದಾರಿಯುದ್ದಕ್ಕೂ ನಕ್ಕಳು.

ಈಗ ಜಟಕಾ ಇಲ್ಲ. ಅವಳ ಮಂಡಿ ಕೈಕೊಟ್ಟಿದೆ. ಈ ಸಲ ಈದಿಗೆ ಅಂದಳು: 'ಪೂರ್ತಿ ಮೂಲೆ ಸೇರೋದ್ರೊಳಗೆ ಒಂದ್ಸಲ ಆ ಮರದ ಕೆಳಗೆ ಇಬ್ರೂ ಕೂತು ಉಣ್ಬೇಕು ಕಣ್ರೀ.'

ಮಾರನೇ ದಿನ ಕ್ಯಾರಿಯರ್ ಹಿಡಿದು ಹೋದೆವು. ತೋಟಕ್ಕೀಗ ಗೋಡೆ, ಗೇಟು ಬಂದಿದೆ. ಗೇಟಿನಲ್ಲಿದ್ದ ಕಾವಲಿನ ಹುಡುಗ ತಡೆದ.

'ಊಟ ಒಳೀಕೆ ಬುಡಾಂಗಿಲ್ಲ ಸಾಬ್ರೇ. ಕ್ಯಾರಿಯರ್ ಇಲ್ಲೇ ಮಡಗ್ಬುಟ್ಟು ಓಗಿ.'

'ಮಡಗಿದ್ರೆ ಕೋತಿ ಬುಟ್ಟಾವೇನಪ್ಪಾ?' ಎಂದೆ.

'ಅವ್ಕೂ ಅಬ್ಬ ಅಲ್ವಾ!'

ಅಂಗಲಾಚುವುದು ನನ್ನ ಜಾಯಮಾನವಲ್ಲ. 'ನೀನು ನೋಡ್ಕೊಂಡು ಬಾ' ಎಂದು ಅವಳನ್ನು ಕಳಿಸಿ, ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಗೋಡೆ ಹಿಡಿದುಕೊಂಡು ಬಂದಳು.

'ಮರ ಐತೆ. ಕೊಂಬೇಲಿ ನಿಮ್ಮ ಹಗ್ಗ ಕೊರೆದ ಗುರುತೂ ಐತೆ. ನೀವು ಹೋಗಿ, ನಾನು ಕಾಯ್ತೀನಿ.'

ಹೋದೆ. ಅದು ನನ್ನ ಹಗ್ಗದ ಗುರುತೋ, ಇನ್ನಾರ ಹಗ್ಗದ್ದೋ, ಕೊಂಬೆಯಂತೂ ಅದೇ. ಮರದಡಿಯಿಂದ ಗೇಟಿನಾಚೆ ಅವಳ ಬಿಳಿ ದುಪಟ್ಟಾ ಕಾಣುತ್ತಿತ್ತು. ಕೈಯೆತ್ತಿದೆ. ಅವಳು ಕೋತಿ ಓಡಿಸುತ್ತಿದ್ದಳು, ನೋಡಲಿಲ್ಲ.

ಕಲ್ಲಿನ ಮೇಲೆಯೇ ಕೂತು ಉಂಡೆವು. ಖುರ್ಮಾದಲ್ಲಿ ಒಂದು ಬಟ್ಟಲು ಆ ಹುಡುಗನಿಗೂ ಕೊಟ್ಟಳು. ಹೊರಡುವಾಗ ಮಂಡಿ ಒತ್ತಿಕೊಂಡು ಎದ್ದು ಕೇಳಿದಳು:

'ಗಾಡಿ ಎಳೀತೀರಾ?'

ಎಳೆಯುತ್ತಿದ್ದೆ, ಗಾಡಿ ಇದ್ದಿದ್ದರೆ.