ಅಂಗಾಲಿನ ಮಚ್ಚೆಯೂ ತೊಗರಿಬೇಳೆಯೂ

ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಮನುಷ್ಯ, ತನ್ನನ್ನು ಹೊತ್ತು ತಿರುಗುವ ಅಂಗಾಲನ್ನು ಅಪ್ಪಿತಪ್ಪಿಯೂ ನೋಡಿಕೊಳ್ಳುವುದಿಲ್ಲ. ನಾನು ಮಾತ್ರ ನೋಡಿಕೊಳ್ಳುತ್ತಿದ್ದೆ. ಅಲ್ಲೊಂದು ಕಪ್ಪು ಮಚ್ಚೆಯಿತ್ತು. ಮದುವೆಯ ಹೊಸತರಲ್ಲಿ ಅದನ್ನು ಕಂಡ ನಮ್ಮತ್ತೆ, ಅಳಿಯನಿಗೆ ದೇಶಾಟನಯೋಗವಿದೆಯೆಂದು ಸಾರಿದ್ದರು. ಯೋಗ ಫಲಿಸದೆ ಇರಲಿಲ್ಲ. ಎಂಬತ್ತರ ದಶಕದಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸಿಂಧನೂರಿಗೆ ಬಂದವನು ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ವರ್ಗವಾಗಿ, ಒಂದೇ ಬಸ್ಸಿನ ದಾರಿಯಲ್ಲಿ ನನ್ನ ವಿಶ್ವಪರ್ಯಟನೆಯನ್ನು ಮುಗಿಸಿದೆ.

ತೊಂಬತ್ತರ ದಶಕದಲ್ಲಿ ಮಚ್ಚೆ ಹಿಗ್ಗಿ ನೋಯತೊಡಗಿತು. ಲಿಂಗಸುಗೂರಿನ ಡಾಕ್ಟರು ಅದನ್ನು ಕಂಡು ಗಂಭೀರರಾದರು.

“ಚರ್ಮದ ಕ್ಯಾನ್ಸರ್ ಇರಬಹುದ್ರಿ. ಹರೇದವರೊಳಗ ಒಂದು ನಮೂನಿ, ವಯಸ್ಸಾದವರೊಳಗ ಒಂದು ನಮೂನಿ ಇರ್ತದ. ನಿಮಗೆಷ್ಟು ವಯಸ್ಸು?”

“ನಲವತ್ತರ ಆಸುಪಾಸು” ಎಂದೆ.

“ನಲವತ್ನಾಲ್ಕು ಮುಗದಾವ್ರಿ” ಎಂದಳು ನನ್ನ ಹೆಂಡತಿ ಗಿರಿಜಾ. ಪ್ರಾಣವೇ ಹೋಗುವ ಹೊತ್ತಿನಲ್ಲೂ ನಾಲ್ಕು ವರ್ಷ ಹೋದದ್ದಕ್ಕೆ ನಾನು ಕಸಿವಿಸಿಗೊಂಡೆ.

ಮಚ್ಚೆಯನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಹೈದರಾಬಾದಿಗೆ ಕಳಿಸುವುದೆಂದಾಯಿತು. “ಆ ಕ್ಯಾನ್ಸರಿನ ಕರಿ ಕಣದಾಗ ಒಂದು ಪ್ರೋಟೀನ್ ಇರ್ತದ್ರಿ. ಬಣ್ಣ ಹಾಕಿದ್ರ ಗುರುತು ಕೊಡ್ತದ. ಅದು ಸಿಗಲಿಲ್ಲಂದ್ರ ಚಿಂತಿಲ್ಲ” ಎಂದರು ಡಾಕ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ತೊಗರಿ, ಹೆಸರು, ಶೇಂಗಾ ಚಟ್ನಿ ಎಲ್ಲಕ್ಕೂ ಏಕಕಾಲಕ್ಕೆ ಬಹಿಷ್ಕಾರ. ಬೇಳೆಕಾಳಿನಲ್ಲಿ ಪ್ರೋಟೀನ್ ಇದೆಯೆಂದು ಊಟಕ್ಕೆ ಕೂತಾಗಲೆಲ್ಲ ಆಕೆಯ ತಲೆ ತಿಂದವನು ನಾನೇ.

“ಕತ್ತರಿಸಿದ್ದು ಆಗಲೇ ಹೈದರಾಬಾದ್ ಸೇರ್ಯಾದ. ಇಲ್ಲಿ ಬ್ಯಾಳಿ ಬಿಟ್ರ ಏನಾಗತದ?” ಎಂದೆ.

“ನೀವು ಸುಮ್ನಿರ್ರಿ. ಮೈಯಾಗ ಉಳದದ್ದಾದ್ರೂ ಉಪಾಸ ಬಿದ್ದು ಸಾಯಲಿ” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜ ಹೇಳುತ್ತೇನೆ, ವಿಜ್ಞಾನ ಬೋಧಿಸುವ ನಾನೂ ಭಯದಲ್ಲಿ, ಯಾರಿಗೆ ಗೊತ್ತು, ಇದರಿಂದಲೂ ಒಳ್ಳೆಯದಾಗಬಹುದೇನೋ ಎಂದುಕೊಂಡೇ ಒಣ ರೊಟ್ಟಿಯನ್ನು ಪುಂಡಿಪಲ್ಯದೊಂದಿಗೆ ನುಂಗುತ್ತಿದ್ದೆ.

ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು, ನಗುತ್ತಿದ್ದರು. “ಪ್ರೋಟೀನ್ ಸಿಕ್ಕಿಲ್ರಿ. ಅದು ಮಚ್ಚಿನೂ ಅಲ್ಲ, ಒಳಗ ಮುರಿದು ಉಳಿದ ಹಳೇ ಮುಳ್ಳು. ಅದರ ಸುತ್ತ ರಕ್ತ ಕರಿಗಟ್ಟಿ ಗಂಟಾಗಿತ್ತು.”

ಮದುವೆಗೂ ಮುಂಚೆ, ಹೊಸ ಮೇಷ್ಟ್ರಾಗಿದ್ದಾಗ, ಸಿಂಧನೂರಿನ ಬಳಿಯ ಜವಳಗೇರಾದ ಕಾಲುವೆ ದಂಡೆಯಲ್ಲಿ ಹೊಸ ಚಪ್ಪಲಿ ಸವೆದೀತೆಂದು ಕೈಯಲ್ಲಿ ಹಿಡಿದು ನಡೆದದ್ದು, ಜಾಲಿಮುಳ್ಳು ತುಳಿದು ಕುಂಟಿದ್ದು ನೆನಪಾಯಿತು. ಹಾಗಾದರೆ ನನ್ನ ದೇಶಾಟನೆಯೆಲ್ಲ ಜಾಲಿಗಿಡದ ಕೃಪೆ! ಅಲ್ಲಿಯೇ ಗಟ್ಟಿಯಾಗಿ ನಕ್ಕುಬಿಟ್ಟೆ.

“ನೋಡಿದ್ರ್ಯಾ? ಬ್ಯಾಳಿ ಬಂದ್ ಮಾಡಿದ್ದಕ್ಕ ಪ್ರೋಟೀನ್ ಸಿಗಲಿಲ್ಲ!” ಎಂದಳು ಗಿರಿಜಾ. ತಿದ್ದಲೆಂದು ಬಾಯಿ ತೆರೆದ ಡಾಕ್ಟರನ್ನು ನಾನು ಕೈಸನ್ನೆಯಿಂದ ತಡೆದೆ.

ಆ ಮಧ್ಯಾಹ್ನ ತಟ್ಟೆಗೆ ಬಿದ್ದ ಬೇಳೆ, ರೊಟ್ಟಿ ಊರಿದರೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ಈಗ ನನ್ನ ಅಂಗಾಲನ್ನು ನಾನು ನೋಡಿಕೊಳ್ಳುವುದಿಲ್ಲ. ಸ್ನಾನ ಮುಗಿಸಿ ಬಂದೊಡನೆ “ಕಾಲೆತ್ರಿ” ಎಂದು ಗಿರಿಜಾಳ ಅಪ್ಪಣೆಯಾಗುತ್ತದೆ. ಗೋಡೆ ಹಿಡಿದುಕೊಂಡು ಎತ್ತುತ್ತೇನೆ.