ಒಂದೇ ಪುಟದ ವೆಬ್‌ಸೈಟ್

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ನಾನು ಕನ್ನಡ ಮಾತಾಡುತ್ತಿದ್ದದ್ದು ಫೋನಿನಲ್ಲಿ ಮಾತ್ರ. ಅದೂ ಧಾರವಾಡದಲ್ಲಿದ್ದ ಹೆಂಡತಿಯ ಜೊತೆ: ಮಗಳ ಕಾಲೇಜು, ಗ್ಯಾಸ್ ಸಿಲಿಂಡರು, ಮುಗಿಯಿತು. ದ್ವಾರಕಾ ನಗರದ ನಮ್ಮ ಬ್ಯಾಂಕಿನಲ್ಲಿ ಎಲ್ಲರೂ ಒಳ್ಳೆಯವರೇ. ನನ್ನ ತೆಲುಗು ಕೇಳಿ ಯಾರೂ ನಗುತ್ತಿರಲಿಲ್ಲ, ಅದೇ ನನಗೆ ಸಿಟ್ಟು. ನಕ್ಕಿದ್ದರೆ ಒಂದಿಷ್ಟು ಸಲಿಗೆಯಾದರೂ ಬೆಳೆಯುತ್ತಿತ್ತು. ಭಾನುವಾರ ಸಿಂಹಾಚಲಂ ಬೆಟ್ಟಕ್ಕೆ ಹೋಗಿ, ದರ್ಶನದ ಸಾಲಿನಲ್ಲಿ ಯಾರಾದರೂ ಕನ್ನಡ ಮಾತಾಡುತ್ತಾರೇನೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ.

ಒಂಟಿತನ ತಡೆಯದೆ ವೆಬ್‌ಸೈಟ್ ಮಾಡಲು ಹೊರಟೆ. "ರೊಕ್ಕ ಹೆಚ್ಚಾಗೇತೇನ್ರಿ?" ಎಂದಳು ಹೆಂಡತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚುವವನು ನಾನು. ದುಡ್ಡು ಕೊಟ್ಟದ್ದು ವೆಬ್‌ಸೈಟಿನ ಹೆಸರಿಗೆ ಮಾತ್ರ, ಅದೂ ಯಾರಿಗೂ ಬೇಡವಾದ ಅಗ್ಗದ ಹೆಸರು. ಪುಟ ಇಡಲು ಪುಕ್ಕಟೆ ಜಾಗ ಕೊಡುವವರನ್ನು ಹುಡುಕಿದೆ. ಅವರ ಜಾಹೀರಾತು ತಳದಲ್ಲಿ ಬಂದು ಕೂತಿತು. ಕೂರಲಿ ಬಿಡಿ, ಬಾಡಿಗೆ ಇಲ್ಲವಲ್ಲ. ವಿಡಿಯೊ ನೋಡಿ ನೋಡಿ ಒಂದೇ ಪುಟ ನಿಲ್ಲಿಸಿದೆ. ನಾನೇ ತೆಗೆದ ಕಡಲಿನ ಚಿತ್ರ, ಕೆಳಗೆ ಎರಡು ಮಾತು: "ಈ ಊರಿನಲ್ಲಿ ಕನ್ನಡದವರಿದ್ದರೆ ಒಂದು ಸಾಲು ಬರೆಯಿರಿ. ಕೂತು ಚಹಾ ಕುಡಿಯೋಣ." ಬರೆಯಲು ಒಂದು ಚೌಕ. ಬರೆದದ್ದು ಯಾವ ಇಮೇಲಿಗೆ ಬರಬೇಕು ಎಂದು ಕೇಳಿದಾಗ ಕೈ ತಾನಾಗಿ ಬ್ಯಾಂಕಿನದನ್ನೇ ಒತ್ತಿತು. ದಿನವಿಡೀ ನಾನು ನೋಡುವುದು ಅದನ್ನೇ. ಅದು ನನ್ನದಲ್ಲ, ನಾನು ಕೂತ ಕುರ್ಚಿಯದು ಎಂಬುದು ಹೊಳೆಯಲಿಲ್ಲ.

ಬೆಳಿಗ್ಗೆ ಇಮೇಲ್ ತೆರೆದರೆ ಸಾಲದ ಅರ್ಜಿ, ಮೇಲಿನವರ ಸುತ್ತೋಲೆ. ಕನ್ನಡದ ಒಂದಕ್ಷರ ಬರಲಿಲ್ಲ. ಹೀಗಿರುವಾಗ ವಿಜಯವಾಡಕ್ಕೆ ವರ್ಗವಾಯಿತು. ಭವಾನಿಪುರಂನಲ್ಲಿ ಮನೆ ಹಿಡಿದೆ. ಪಕ್ಕದಲ್ಲೇ ಕೃಷ್ಣೆ, ನಮ್ಮ ಕಡೆಯಿಂದಲೇ ಹರಿದು ಬಂದವಳು. ಅವಳ ಜೊತೆ ಎಷ್ಟು ಹೊತ್ತು ಕೂರಲಿ? ವೆಬ್‌ಸೈಟಿನ ಆಸೆ ಬಿಟ್ಟೆ.

ಒಂದು ಮಧ್ಯಾಹ್ನ, ವಿಶಾಖಪಟ್ಟಣದಲ್ಲಿ ನನ್ನ ಜಾಗಕ್ಕೆ ಬಂದಿದ್ದ ಅಧಿಕಾರಿಯ ಫೋನ್ ಬಂತು. ಯಾವುದೋ ವೆಬ್‌ಸೈಟಿನ ಹೆಸರಿಗೆ ಅವಧಿ ಮುಗಿಯುತ್ತಿದೆಯೆಂದು ಬ್ಯಾಂಕಿನ ಇಮೇಲಿಗೆ ಬಂದಿದೆಯಂತೆ, ನಿಮ್ಮದಾ ಎಂದು ಕೇಳಿದರು. ಹೌದು, ಬೇರೇನಾದರೂ ಬಂದಿತ್ತಾ ಎಂದೆ. ಕನ್ನಡದಲ್ಲಿ ಒಂದು ಕಂಪ್ಲೇಂಟ್ ಬಂದಿತ್ತಂತೆ. "ಕ್ಲೋಜ್ ಚೇಸೇಶಾಂ ಅಂಡಿ," ಎಂದರು, ಮುಗಿಸಿಬಿಟ್ಟೆವೆಂಬ ನೆಮ್ಮದಿಯಲ್ಲಿ. ಬ್ಯಾಂಕಿನಲ್ಲಿ ಅರ್ಥವಾಗದ ಪತ್ರವೆಲ್ಲ ದೂರೇ, ದೂರನ್ನು ಗಡುವಿನೊಳಗೆ ಮುಚ್ಚಲೇಬೇಕು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತರಿಸಿಕೊಂಡು ಓದಿದೆ. ಸಿಂಹಾಚಲಂ ಹತ್ತಿರ ಮಗನ ಮನೆಯಲ್ಲಿದ್ದ ಬಾಗಲಕೋಟೆ ಕಡೆಯ ಹಿರಿಯ ಹೆಂಗಸೊಬ್ಬರು ಬರೆಸಿದ್ದರು. ಮೊಮ್ಮಕ್ಕಳು ತೆಲುಗೇ ಆಡುತ್ತವೆ, ಚಹಾಕ್ಕೆ ಬನ್ನಿ ಎಂದು. ಕೆಳಗೆ ಫೋನ್ ನಂಬರ್. ಸಂಜೆ ಮನೆಗೆ ಬಂದವನೇ ಫೋನ್ ಹಚ್ಚಿ, ನಾನು ಯಾರೆಂದು ಹೇಳಿದೆ.

"ನೀವು ಇಂಗ್ಲಿಷ್‌ನ್ಯಾಗ ಬರದಿದ್ರೆಲ್ಲಪಾ. ಮಗನ ಕಡೆ ಓದಿಸಿದೆ. ನಿಮ್ಮ ದೂರು ಪರಿಹಾರ ಆಗೇತಿ ಅಂತ ಇತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಏನೂ ದೂರು ಕೊಟ್ಟಿದ್ದಿಲ್ಲ. ಚಾಕ್ಕ ಕರದಿದ್ದೆ."

ಈಗ ಅವರು ತಮ್ಮ ಊರಿಗೆ ವಾಪಸ್ ಹೋಗಿಬಿಟ್ಟಿದ್ದರು. ನಾನು ವಿಜಯವಾಡದಲ್ಲಿದ್ದೇನೆ ಎಂದೆ.

"ಅಲ್ಲಿ ನಮ್ಮವರು ಯಾರರ ಅದಾರೇನು?"

"ಇಲ್ರಿ ಅವ್ವಾ."



"ಹಂಗಾರ ಫೋನ್ ಇಡಬ್ಯಾಡ, ತಡಿ," ಎಂದರು. "ಚಾ ಇಟ್ ಬರ್ತೀನಿ. ನೀನೂ ಇಡು."