ನಾನೇ ಬಿಚ್ಚಿದ ಕಂಪ್ಯೂಟರ್

ನಮ್ಮ ಮನೆಯ ಮುಂದಿನ ಕೋಣೆಯಲ್ಲಿರುವ ಕಂಪ್ಯೂಟರನ್ನು ನನಗೆ ಯಾರೂ ಕೊಡಿಸಿದ್ದಲ್ಲ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಅಂಗಡಿಗಳ ಬಿಲ್ ಬುಕ್ಕು, ಶಿವಗಣಾರಾಧನೆಯ ಕಾರ್ಡು ಇವನ್ನೆಲ್ಲ ಶಿವಮೊಗ್ಗದ ಒಂದು ಪ್ರೆಸ್ಸಿಗೆ ಮಾಡಿಕೊಟ್ಟು, ಅದರಿಂದ ಬಂದ ದುಡ್ಡಿನಲ್ಲಿ ನಾನೇ ಕೊಂಡಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಈ ಕಥೆಯಲ್ಲಿ ಬರುವವರಲ್ಲಿ ಹೆಚ್ಚಿನವರು ಇದನ್ನು ಮರೆತೇ ಮಾತಾಡುತ್ತಾರೆ.

ನಾವಿರುವುದು ಭದ್ರಾವತಿಯ ಜನ್ನಾಪುರದಲ್ಲಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ, ಇಷ್ಟೇ ಜನ. ಯಜಮಾನರು ಊರಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವರು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಯಾವಾಗ ಹೊರಗೆ ಹೋದರು ಅಂತ ಬರೆದಿಡುವ ಕೆಲಸ. ನಿವೃತ್ತಿಯಾದ ಮೇಲೂ ಆ ಕೆಲಸ ಬಿಟ್ಟಿಲ್ಲ. ಒಳಗೆ ಹೊರಗೆ ಓಡಾಡುವವಳು ಈಗ ನಾನೊಬ್ಬಳೇ ಆದ್ದರಿಂದ ಪೂರ್ತಿ ಗಮನ ನನ್ನ ಮೇಲೇ.

ಕಳೆದ ವರ್ಷ ಪ್ರೆಸ್ಸಿನವರು ನನಗೆ ಮೊದಲ ಸಲ ಒಂದು ಪುಸ್ತಕದ ಕೆಲಸ ಕೊಟ್ಟರು. ಒಂದು ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ತರುತ್ತಿದ್ದ ಸ್ಮರಣ ಸಂಚಿಕೆ. ಪುಟಗಳನ್ನು ಜೋಡಿಸುವುದು, ಫೋಟೋ ಕೂರಿಸುವುದು, ಎಲ್ಲ ನನ್ನದೇ. "ಪುಟವಿನ್ಯಾಸ ಅಂತ ಒಳಗಡೆ ನಿಮ್ಮ ಹೆಸರು ಹಾಕ್ತೀವಿ ಅಕ್ಕ" ಅಂದರು. ಎಷ್ಟೋ ವಧೂವರರ ಹೆಸರಿಗೆ ಬಳ್ಳಿ ಸುತ್ತಿ, ಹೂವು ಮುಡಿಸಿ ಅಚ್ಚಿಗೆ ಕಳಿಸಿದವಳು ನಾನು. ನನ್ನ ಸ್ವಂತ ಮದುವೆ ಕಾಗದ ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಆ ಪುಸ್ತಕ ನನಗೆ ಬೇಕೇ ಬೇಕಿತ್ತು.

ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಿ. ಮದುವೆ ಕಾಗದಕ್ಕೆ ಅದು ಸಾಕಾಗಿತ್ತು. ಈ ಪುಸ್ತಕದ ತುಂಬ ಹಳೇ ಗ್ರೂಪ್ ಫೋಟೋಗಳು. ಒಂದನ್ನು ಪುಟದ ಮೇಲೆ ಹಾಕಿದರೆ ಸಾಕು, ಪರದೆಯ ಮೇಲಿನ ಬಾಣ ಉಂಗುರವಾಗಿ ತಿರುಗಲು ಶುರುವಾಗುತ್ತಿತ್ತು. ನಾನು ಹೋಗಿ ಅನ್ನಕ್ಕಿಟ್ಟು ಬಂದರೂ ತಿರುಗುತ್ತಲೇ ಇರುತ್ತಿತ್ತು. ಮೆಮೊರಿ ಕಮ್ಮಿ ಅನ್ನುವುದು ಗೊತ್ತಾಯಿತು. ಶಿವಮೊಗ್ಗದ ದುರ್ಗಿಗುಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಹೊಸ ರ‍್ಯಾಮ್ ತಂದೆ. ಈ ಮೆಮೊರಿ ಅನ್ನುವುದು ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಒಂದು ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲು. ಅಂಗಡಿಯವನು "ಮಿಷನ್ ತಗೊಂಡ್ ಬನ್ನಿ ಮೇಡಂ, ನಾವೇ ಹಾಕ್ಕೊಡ್ತೀವಿ" ಅಂದ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬರಲು ಅದೇನು ಕೂಸೇ? "ನಾನೇ ಹಾಕ್ಕೋತೀನಿ" ಅಂದೆ. ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಮನೆಗೆ ಬಂದ ಕೂಡಲೇ ಅತ್ತೆ ಕೈಯಿಂದ ಪೊಟ್ಟಣ ತೆಗೆದುಕೊಂಡರು. ನಮ್ಮ ಮನೆಯಲ್ಲಿ ಹೊಸ ಸಾಮಾನು ಏನೇ ಬರಲಿ, ಕುಕ್ಕರ್ ಆಗಲಿ ಚಪ್ಪಲಿ ಸ್ಟ್ಯಾಂಡ್ ಆಗಲಿ, ಒಂದು ರಾತ್ರಿ ದೇವರ ಮುಂದೆ ಇದ್ದು ಬರಬೇಕು. ಇರಲಿ ಅಂತ ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ, ರ‍್ಯಾಮ್ ತೆಗೆದುಕೊಂಡು ಬಂದು, ಸಿಪಿಯು ಡಬ್ಬವನ್ನು ಚಾಪೆಯ ಮೇಲೆ ಮಲಗಿಸಿ ಸ್ಕ್ರೂ ಬಿಚ್ಚಿದೆ. ಒಳಗಿನ ಧೂಳನ್ನು ನಾನು ಎಷ್ಟೋ ಸಲ ತೆಗೆದಿದ್ದೇನೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಗೊತ್ತು. ಹಳೇ ಪಟ್ಟಿಯನ್ನು ಬೋರ್ಡಿನ ಎರಡನೇ ಸ್ಲಾಟಿಗೆ, ಅಂದರೆ ಪಟ್ಟಿ ಕೂರುವ ಎರಡನೇ ಸಂದಿಗೆ, ಸರಿಸಿ ಮೊದಲನೆಯದಕ್ಕೆ ಹೊಸದನ್ನು ಒತ್ತಿದೆ. ಟಕ್ ಅಂತ ಕೂತಿತು. ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಆಮೇಲೆ ಒಳಗಿಂದ ಉದ್ದಕ್ಕೆ ಎಳೆದು ಬೀಪ್, ಸ್ವಲ್ಪ ಬಿಟ್ಟು ಇನ್ನೊಂದು ಬೀಪ್. ನಿಲ್ಲಿಸುವ ಹಾಗೇ ಕಾಣಲಿಲ್ಲ.

ಯಜಮಾನರು ಪೇಪರ್ ಮಡಿಸಿಟ್ಟು ಬಾಗಿಲಿಗೆ ಬಂದರು. "ನಾನ್ ಮೊದ್ಲೇ ಹೇಳಿದ್ನಲ್ಲ" ಅಂದರು. ಅವರು ಮೊದಲು ಏನೂ ಹೇಳಿರಲಿಲ್ಲ. ಆದರೂ ಏನೇ ಕೆಟ್ಟರೂ ಅವರು ಮೊದಲೇ ಹೇಳಿರುತ್ತಾರೆ.

ಹೊಸದನ್ನು ತೆಗೆದೆ. ಹಳೆಯದನ್ನೇ ಮೊದಲಿನ ಜಾಗಕ್ಕೆ ಹಾಕಿದೆ. ಅಷ್ಟು ವರ್ಷ ಅದೇ ಸ್ಲಾಟಿನಲ್ಲಿ ನಡೆಯುತ್ತಿದ್ದ ಪಟ್ಟಿ, ನಡೆಯಬೇಕಲ್ಲ! ಬೀಪ್. ಅದನ್ನೇ ಎರಡನೆಯದಕ್ಕೆ ಹಾಕಿದೆ, ಬೀಪ್. ಹೊಸದೊಂದನ್ನೇ ಹಾಕಿದೆ, ಬೀಪ್. ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಜಪ್ಪಯ್ಯ ಅಂದರೂ ಪರದೆ ಬೆಳಗಲಿಲ್ಲ. ಹಳೆಯದೂ ಕೈಬಿಟ್ಟಿದ್ದು ನೋಡಿ, ಇದ್ದದ್ದನ್ನೂ ಕೆಡಿಸಿಕೊಂಡೆನಾ ಅನ್ನಿಸಿತು. ಆದರೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬಾಗಿಲಲ್ಲಿ ಟೈಮ್ ಆಫೀಸು ನಿಂತಿತ್ತಲ್ಲ.

ಅಂಗಡಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಬೋರ್ಡ್ ಹೋಗಿದೆ ಮೇಡಂ. ನೀವ್ಯಾಕೆ ಕೈ ಹಾಕಕ್ಕೆ ಹೋದ್ರಿ? ಹಳೇ ಮಿಷನ್, ಗುಜರಿಗೆ ಹಾಕ್ಬಿಡಿ. ಯಜಮಾನ್ರನ್ನ ಕಳ್ಸಿ, ಹೊಸದು ತೋರಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳ ಹತ್ತಿರ ಗುಜರಿ ಅನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡಬಾರದು. ಕಾರ್ಖಾನೆಗಳು ಸೊರಗಿದ ಮೇಲೆ ನಮ್ಮ ಊರನ್ನೇ ಗುಜರಿ ಅಂದವರನ್ನು ನಾವು ಕಂಡಿದ್ದೇವೆ. ಅಂದವರು ಅಂದು ಹೋದರು, ನಾವು ಇಲ್ಲೇ ಇದ್ದೇವೆ. "ಬೋರ್ಡ್ ನೋಡದೇ ಹೋಗಿದೆ ಅಂತೀರಲ್ಲ, ನಿಮಗೆ ಫೋನಲ್ಲೇ ಕಾಣತ್ತಾ? ಹೋಗಿದ್ರೆ ನಾನೇ ಹೇಳ್ತೀನಿ ಬಿಡಿ" ಅಂತ ಹೇಳಿ ಫೋನ್ ಇಟ್ಟೆ.

ಯಜಮಾನರು ಮಧ್ಯಾಹ್ನ ಊಟಕ್ಕೆ ಕೂತಾಗ ಮೆತ್ತಗೆ ಶುರು ಮಾಡಿದರು. "ಈ ವಯಸ್ಸಲ್ಲಿ ನಿಂಗ್ಯಾಕೆ ಇಷ್ಟು ತಲೆನೋವು? ಪುಸ್ತಕ ಗಿಸ್ತಕ ಎಲ್ಲ ಬಿಡು. ಆರಾಮಾಗಿರು."

"ನಿಮ್ಮ ಆರಾಮು ನೀವೇ ಇಟ್ಕೊಳ್ಳಿ" ಅಂದೆ. "ನಂಗೆ ಕೆಲಸ ಇದೆ."

ಅವರಿಗೆ ಬೇಜಾರಾಯಿತು ಅಂತ ಕಾಣುತ್ತದೆ. ಮಜ್ಜಿಗೆಗೆ ಅನ್ನ ಹಾಕಿಸಿಕೊಳ್ಳದೇ ಎದ್ದು, ಫೋನು ತೆಗೆದುಕೊಂಡು ಹಿತ್ತಲ ಕಡೆ ಹೋದರು. ನಾನು ತಡೆಯಲಿಲ್ಲ. ನನ್ನ ತಲೆಯಲ್ಲಿ ಸ್ಲಾಟುಗಳೇ ತುಂಬಿದ್ದವು.

ಆವತ್ತೆಲ್ಲ ನೆಲದ ಮೇಲೇ ಕೂತಿದ್ದೆ. ಸೊಂಟ ಹಿಡಿದುಕೊಂಡಿತು. ಮೊಬೈಲಿನಲ್ಲಿ ಯಾರ್ಯಾರೋ ಹೇಳುವುದನ್ನು ನೋಡಿದ್ದೇ ನೋಡಿದ್ದು. ಎಲ್ಲರೂ ಹೇಳಿದ್ದನ್ನು ನಾನು ಮಾಡಿಯಾಗಿತ್ತು. ಬೀಪಿಗೂ ಒಂದು ಅರ್ಥ ಇರುತ್ತದೆ ಅನ್ನುವುದನ್ನು ಮಾತ್ರ ಹೊಸದಾಗಿ ತಿಳಿದುಕೊಂಡೆ. ಹೀಗೆ ಉದ್ದಕ್ಕೆ ಎಳೆದು ಕೂಗಿದರೆ, ಮೆಮೊರಿ ನನಗೆ ಸಿಗುತ್ತಿಲ್ಲ ಅಂತ ಅದು ಹೇಳುತ್ತಿದೆಯಂತೆ. ಅಂದರೆ ಬೋರ್ಡು ಸತ್ತಿಲ್ಲ. ಸತ್ತಿದ್ದರೆ ಕೂಗಲು ಬಾಯಿ ಎಲ್ಲಿಂದ ಬರಬೇಕು? ಅಂಗಡಿಯವನು ಹೇಳಿದ್ದು ಸುಳ್ಳು ಅಂತ ಗೊತ್ತಾದ ಮೇಲೆ ಅರ್ಧ ಜೀವ ಬಂತು.

ಮಾರನೇ ದಿನ ಬೆಳಿಗ್ಗೆ ಪೂಜೆ ಮುಗಿಸಿದ ಅತ್ತೆ ವಿಭೂತಿ ಗಟ್ಟಿಯನ್ನೂ ನೀರಿನ ಗಿಂಡಿಯನ್ನೂ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಬಿಚ್ಚಿಟ್ಟ ಡಬ್ಬದ ಪಕ್ಕ ಬಗ್ಗಿದರು.

"ಏನ್ಮಾಡ್ತೀರಾ ಅತ್ತೆ?"

"ಇದ್ರ ಮೈಗೊಂದ್ ಸಲ ವಿಭೂತಿ ಇಡ್ತೀನಿ ಮಾರಾಯ್ತಿ. ಆವತ್ತು ಆ ತುಂಡಿಗೆ ಇಟ್ಟಿದ್ದು ಸಾಲ್ಲಿಲ್ಲ ಅನ್ಸತ್ತೆ."

"ಯಾವ ತುಂಡಿಗೆ?"

"ಅದೇ, ನೀನು ತಂದಿದ್ದು. ದೇವರ ಮುಂದೆ ಇಟ್ಟಿದ್ನಲ್ಲ. ಒಂದ್ ಕಡೆ ಬಂಗಾರ ಇತ್ತು, ಅದೇ ಮುಖ ಇರ್ಬೇಕು ಅಂತ ಅಲ್ಲಿಗೇ ಮೂರು ಪಟ್ಟೆ ಎಳೆದೆ. ಆಮೇಲೆ ನೀನು ಬೈತೀಯ ಅಂತ ಸೆರಗಲ್ಲಿ ಒರೆಸಿಟ್ಟೆ."

ನಾನು ಹೊಸ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಬಂಗಾರದ ಹಲ್ಲುಗಳ ಮೇಲೆ ತೆಳ್ಳಗೆ ಮಂಜು ಕಟ್ಟಿದ ಹಾಗೆ ಬೂದಿ. ಹಲ್ಲುಗಳ ಸಂದಿಯಲ್ಲೂ ಬೂದಿ. ಹಳೇ ಪಟ್ಟಿಯನ್ನು ನೋಡಿದೆ, ಅದಕ್ಕೂ ಮೆತ್ತಿತ್ತು. ಎಲ್ಲ ಸಲೀಸಾಗಿ ಅರ್ಥವಾಗಿಹೋಯಿತು. ಹೊಸದರಿಂದ ಬೂದಿ ಮೊದಲ ಸ್ಲಾಟಿಗೆ ಇಳಿದಿದೆ. ಅಲ್ಲಿಂದ ಹಳೆಯದಕ್ಕೆ ಹತ್ತಿದೆ, ಹಳೆಯದರಿಂದ ಎರಡನೇ ಸ್ಲಾಟಿಗೆ. ನಾನು ರಿಪೇರಿ ಮಾಡುತ್ತಿದ್ದೇನೆ ಅಂದುಕೊಂಡು ಇಡೀ ದಿನ ಊರೆಲ್ಲ ಬೂದಿ ಹಂಚಿದ್ದೆ.

ನಗು ತಡೆಯಲಿಕ್ಕಾಗಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು. "ನನ್ನಿಂದ ಕೆಟ್ಟೋಯ್ತಾ?"

"ಹೂಂ, ನಿಮ್ಮಿಂದಾನೇ. ಆದ್ರೆ ಸರಿ ಹೋಗತ್ತೆ ಬಿಡಿ" ಅಂದೆ. ಸುಳ್ಳು ಯಾಕೆ ಹೇಳಲಿ? "ತುಂಡಿಗೆ ಯಾಕೆ ವಿಭೂತಿ ಅತ್ತೆ? ಡಬ್ಬದ ಮೇಲೆ ಇಟ್ಟಿದ್ರೆ ಸಾಕಿತ್ತಲ್ಲ."

"ನಿನ್ನ ಕಸುಬಿನ ಸಾಮಾನಲ್ವಾ ಅದು?" ಅಂದರು, ಇದನ್ನೂ ಕೇಳಬೇಕಾ ಅನ್ನುವ ಹಾಗೆ.

ಕಸುಬು. ಆ ಮನೆಯಲ್ಲಿ ನನ್ನ ಕೆಲಸಕ್ಕೆ ಟೈಮ್ ಪಾಸು, ಹವ್ಯಾಸ, ಕುಟ್ಟೋದು ಅಂತೆಲ್ಲ ಹೆಸರಿತ್ತು. ಕಸುಬು ಅಂದವರು ಯಾರೂ ಇರಲಿಲ್ಲ. ಅವರ ಕೈಯಿಂದ ಗಿಂಡಿ ಇಸಿದುಕೊಂಡು ಪಕ್ಕಕ್ಕಿಟ್ಟೆ.

ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದೆ. ಎರಡೂ ಪಟ್ಟಿಗಳ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಸ್ಲಾಟುಗಳೊಳಗೆ ಹೊಲಿಗೆ ಮಿಷನ್ನಿನ ಬ್ರಷ್ ಆಡಿಸಿದೆ. ಬೂದಿ ಇಷ್ಟಿಷ್ಟೇ ಎದ್ದು ಬಂತು. ಅತ್ತೆ ಪಕ್ಕದಲ್ಲೇ ಕೂತು ಬ್ಯಾಟರಿ ಬೆಳಕು ಹಿಡಿದಿದ್ದರು. ಎಲ್ಲ ಆರುವ ತನಕ ಇಬ್ಬರೂ ಕಾಫಿ ಕುಡಿದೆವು. ಮೊದಲು ಹಳೆಯದೊಂದನ್ನೇ ಹಾಕಿ ಸ್ವಿಚ್ ಒತ್ತಿದೆ. ಒಂದೇ ಒಂದು ಚಿಕ್ಕ ಬೀಪ್, ಪರದೆ ಬೆಳಗಿತು. ಆರಿಸಿ, ಹೊಸದನ್ನೂ ಹಾಕಿದೆ. ಪರದೆ ಕಪ್ಪಾಗಿಯೇ ಇತ್ತು. ಮಿಷನ್ ತಾನಾಗಿ ಆರಿತು, ತಾನಾಗಿ ಹತ್ತಿತು. ಆಮೇಲೆ ಬಂತು, ಹೊಸ ಮೆಮೊರಿಯನ್ನೂ ಸೇರಿಸಿಕೊಂಡೇ ಬಂತು. ಗ್ರೂಪ್ ಫೋಟೋ ಪುಟಕ್ಕೆ ಎಳೆದೆ. ಕೂತ ಸಾಲು, ನಿಂತ ಸಾಲು, ಎಲ್ಲ ಮಕ್ಕಳೂ ಒಂದೇ ಸಲಕ್ಕೆ ಬಂದು ನಿಂತರು. "ನೋಡಿ ಅತ್ತೆ!" ಅಂತ ಕೂಗಿಯೇಬಿಟ್ಟೆ.

ಖುಷಿಯಲ್ಲಿ ಪ್ರೆಸ್ಸಿಗೆ ಫೋನ್ ಮಾಡಿದೆ. ಉಳಿದ ಫೋಟೋಗಳನ್ನು ಇವತ್ತೇ ಬಂದು ತಗೊಂಡು ಹೋಗ್ತೀನಿ ಅಂದೆ. ಪ್ರೆಸ್ಸಿನವರು ರಾಗ ಎಳೆದರು.

"ಅಕ್ಕ, ನಿನ್ನೆ ನಿಮ್ಮ ಯಜಮಾನ್ರು ಫೋನ್ ಮಾಡಿದ್ರಲ್ಲ. ಮಿಷನ್ ಹೋಗಿದೆ, ಅವಳ ಕೈಲಾಗಲ್ಲ, ಬೇರೆಯವರಿಗೆ ಕೊಡಿ ಅಂದ್ರು. ನಾನು ಇಲ್ಲೇ ಇನ್ನೊಬ್ಬರಿಗೆ ಹೇಳ್ಬಿಟ್ಟೆ."

ಊಟದ ನಡುವೆ ಎದ್ದು ಹಿತ್ತಲಿಗೆ ಹೋಗಿದ್ದು ಇದಕ್ಕೆ. ನಾನು ಹಜಾರಕ್ಕೆ ಬಂದೆ. ಅವರು ಟೀವಿ ನೋಡುತ್ತಿದ್ದರು.

"ರೀ, ಪ್ರೆಸ್ಸಿಗೆ ಫೋನ್ ಮಾಡಿದ್ರಾ?"

"ಹೂಂ. ನಿಂಗೆ ತೊಂದ್ರೆ ಆಗ್ಬಾರ್ದು ಅಂತ ನಾನೇ ಹೇಳ್ದೆ."

ಅವರ ಮುಖದಲ್ಲಿ ಕಪಟ ಇರಲಿಲ್ಲ, ಉಪಕಾರ ಮಾಡಿದ ಸಮಾಧಾನ ಇತ್ತು. ಅದೇ ನನ್ನನ್ನು ಹೆಚ್ಚು ನೋಯಿಸಿತು. ಆ ಪಟ್ಟಿ ಏನು ಅಂತ ಗೊತ್ತಿಲ್ಲದ ಅತ್ತೆ ಅದನ್ನು ನನ್ನ ಕಸುಬಿನ ಸಾಮಾನು ಅಂತ ಪೂಜೆ ಮಾಡಿದರು. ಇಷ್ಟು ವರ್ಷ ಪಕ್ಕದ ಕೋಣೆಯಲ್ಲೇ ನನ್ನ ಕೀಬೋರ್ಡಿನ ಸದ್ದು ಕೇಳಿದವರು ಒಂದು ಫೋನಿನಲ್ಲಿ ಆ ಕಸುಬನ್ನೇ ದಾನ ಮಾಡಿದರು. ಅಳು ಬಂತು. ಅವರೆದುರಿಗೆ ಅಳಲಿಲ್ಲ. ಸೀರೆ ಬದಲಿಸಿ, ಚೀಲ ಹಿಡಿದು ಹೊರಟೆ. "ಎಲ್ಲಿಗೆ?" ಅಂದರು. ಗೇಟು ಎಳೆದುಕೊಂಡು ನಡೆದೆ. ಟೈಮ್ ಆಫೀಸು ಏನಾದರೂ ಬರೆದುಕೊಳ್ಳಲಿ.

ಶಿವಮೊಗ್ಗದ ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಪ್ರೆಸ್ಸಿನ ಬಾಗಿಲಿಗೆ ಬಂದಾಗ ಒಂದೂ ನೆನಪಿರಲಿಲ್ಲ. ಮೇಜಿನ ಮೇಲೆ ಪುಸ್ತಕದ ಫೋಟೋಗಳ ಚೀಲ ಕಟ್ಟಿಟ್ಟಿದ್ದರು, ಸಂಜೆ ಇನ್ನೊಬ್ಬರು ಬಂದು ಒಯ್ಯಲು.

"ಯಜಮಾನ್ರೇ ಹೇಳಿದ್ಮೇಲೆ ನಾನೇನ್ ಮಾಡ್ಲಿ ಅಕ್ಕ?" ಅಂದರು ಪ್ರೆಸ್ಸಿನವರು.

"ಇಷ್ಟು ವರ್ಷ ನಿಮ್ಮ ಕಾಗದ ಎಲ್ಲ ಮಾಡ್ಕೊಟ್ಟಿದ್ದು ಅವ್ರಾ, ನಾನಾ?"

"ನೀವೇ."

"ಹಾಗಾದ್ರೆ ಬೇಡ ಅನ್ನೋದನ್ನೂ ನಾನೇ ಹೇಳ್ಬೇಕು ಸರ್. ನಾನು ಹೇಳಿಲ್ಲ."

ಅವರು ತಲೆ ಕೆರೆದುಕೊಂಡರು. ಇನ್ನೊಬ್ಬರಿಗೆ ಮಾತು ಕೊಟ್ಟಾಗಿದೆ, ಅವರು ಬೇಜಾರು ಮಾಡ್ಕೋತಾರೆ ಅಂದರು. ನನಗೆ ಕೊಟ್ಟದ್ದೂ ಮಾತೇ ಅಲ್ಲವೇ ಅಂದೆ. ಕಟಿಂಗ್ ಮಿಷನ್ನಿನ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟೆ. ಚೀಲ ಸಿಗುವವರೆಗೆ ಏಳುವವಳಲ್ಲ ಅನ್ನುವುದು ಅವರಿಗೆ ತಿಳಿಯಿತು. ಫೋನ್ ಮಾಡಿ, ಆ ಕಡೆಯವರಿಗೆ ಇನ್ನೇನೋ ಕೆಲಸ ಒಪ್ಪಿಸಿ, ಚೀಲವನ್ನು ನನ್ನ ಕಡೆ ತಳ್ಳಿದರು. ಶುರುವಿನಿಂದಲೂ ಅವರ ಫೋನಿನಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ಯಜಮಾನರ ನಂಬರು. ಅದನ್ನು ಅಳಿಸಿ ನನ್ನದು ಹಾಕಿಕೊಳ್ಳಿ ಅಂತ ಹೇಳಿ ಎದ್ದು ಬಂದೆ.

ಎರಡು ದಿನ ಯಜಮಾನರು ಹಜಾರದಲ್ಲೇ ಉಳಿದರು. ನಾನು ಪುಟ ಜೋಡಿಸುತ್ತ ಹೋದೆ. ಮೂರನೇ ದಿನ ಹಜಾರದಲ್ಲಿ ಅವರ ಫೋನು ಹೊಡೆದುಕೊಂಡಿತು. ಎಂದಿನಂತೆ ತೆಗೆದು ಮಾತಾಡಲಿಲ್ಲ. ಹೊಡೆದುಕೊಳ್ಳುತ್ತಿದ್ದ ಫೋನನ್ನೇ ಹಿಡಿದು ನನ್ನ ಬಾಗಿಲಿಗೆ ಬಂದರು.

"ಪ್ರೆಸ್ಸಿಂದ. ತಗೋ" ಅಂದರು.

ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. "ಅವ್ರಿಗೆ ನನ್ನ ನಂಬರ್ ಕೊಟ್ಟು ಬಂದಿದೀನಿ. ಅದಕ್ಕೇ ಮಾಡ್ಲಿ."

ಫೋನು ಅವರ ಕೈಯಲ್ಲೇ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಅವರು ಅಲ್ಲಿಂದ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನದು ಹೊಡೆದುಕೊಂಡಿತು. ನಾನು ತೆಗೆದು, ಬಾಗಿಲಿನವರೆಗೂ ಕೇಳಲಿ ಅಂತಲೇ ಗಟ್ಟಿಯಾಗಿ, "ನಾನೇ ಮಾತಾಡ್ತಿರೋದು, ಹೇಳಿ" ಅಂದೆ.